ಹದಿನಾಲ್ಕು ಲಕ್ಷದ ಸೀಟು, ಇಪ್ಪತ್ತಮೂರೂವರೆ ಸಾವಿರದ ಸಂಬಳ: ಕಟಪಾಡಿಯ ಒಂದು ಮನೆಯ ಲೆಕ್ಕ

ಮಗಳನ್ನು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್‌ಗೆ ಸೇರಿಸಲು ಮನೆ ಅಡ ಇಡಬಹುದಾ? 2025ರ ಸಿಇಟಿ ರ‍್ಯಾಂಕ್ ಬಂದ ಮೇಲೆ ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ಒಂದು ಕುಟುಂಬ ನನ್ನ ಮುಂದಿಟ್ಟ ಪ್ರಶ್ನೆ ಇದು. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದು ನಿವೃತ್ತನಾದವನು. ಪ್ರತಿ ವರ್ಷ ಅಡ್ಮಿಷನ್ ಸಮಯಕ್ಕೆ ಯಾರಾದರೂ ಇಂಥ ಕಾಗದಪತ್ರ ಹಿಡಿದುಕೊಂಡು ಮನೆಗೆ ಬರುತ್ತಾರೆ. ಹೆಚ್ಚಿನವರದ್ದು ತೀರ್ಮಾನ ಆಗಿರುತ್ತದೆ, ಬಡ್ಡಿ ಎಷ್ಟು ಬೀಳ್ತದೆ ಅಂತ ಕೇಳಲು ಮಾತ್ರ ಬರುವುದು. ಇವರು ಮಾತ್ರ ಎಲ್ಲ ಕಾಗದವನ್ನೂ ಮೇಜಿನ ಮೇಲೆ ಹರಡಿ, ಹೇಳಿದ್ದನ್ನು ಬರೆದುಕೊಂಡು, ಮನೆಗೆ ಹೋಗಿ ಮತ್ತೆ ಲೆಕ್ಕ ಹಾಕಿ ಬಂದರು. ಹಾಗಾಗಿ ಇದು ಪೂರ್ತಿ ಬರೆಯುವಂಥ ಪ್ರಕರಣ. ಹೆಸರು, ಕಾಲೇಜು ಬಿಟ್ಟಿದ್ದೇನೆ. ದೊಡ್ಡ ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ತಂದಿದ್ದೇನೆ.

ಮನೆ

ಅಪ್ಪ ವಯರಿಂಗ್ ಕೆಲಸದ ಸಣ್ಣ ಕಂಟ್ರಾಕ್ಟರ್. ಮಳೆಗಾಲ ಬಿಟ್ಟರೆ ಕೆಲಸ ಇರ್ತದೆ. ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 35 ಸಾವಿರ. ಅಮ್ಮ ಬೀಡಿ ಕಟ್ಟುತ್ತಾರೆ, ಅವರ ಹೆಸರಲ್ಲಿ ಕಾರ್ಡು, ಪಿಎಫ್ ಎರಡೂ ಉಂಟು. ಸ್ವಂತ ಮನೆ, 12 ಸೆಂಟ್ಸ್ ಜಾಗ. ಸೊಸೈಟಿಯಲ್ಲಿ ಪಿಗ್ಮಿ, ಅಂದರೆ ದಿನದಿನದ ಸಣ್ಣ ಠೇವಣಿ, ಕಟ್ಟಿ ಕಟ್ಟಿ ಸೇರಿಸಿದ್ದು 2.8 ಲಕ್ಷ. ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ಉಡುಪಿಯಲ್ಲೇ, ಸಿಂಡಿಕೇಟ್ ಬ್ಯಾಂಕಿನಿಂದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಅಭ್ಯಾಸ ಮಾತ್ರ ಇಲ್ಲಿನ ಜನರಲ್ಲಿ ಉಳಿದಿದೆ. ಈ ಮನೆಯ ಲೆಕ್ಕದಲ್ಲಿ ಆ ಪಿಗ್ಮಿಗೆ ಮುಂದೆ ದೊಡ್ಡ ಕೆಲಸವೇ ಉಂಟು.

ಇಬ್ಬರು ಮಕ್ಕಳು. ದೊಡ್ಡವಳು ಪಿಯುಸಿಯಲ್ಲಿ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್) ಓದಿ 91 ಪರ್ಸೆಂಟ್ ತೆಗೆದಿದ್ದಳು. ಸಿಇಟಿ ರ‍್ಯಾಂಕ್ 40 ಸಾವಿರದ ಹತ್ತಿರ. ಬೇರೆ ಜಿಲ್ಲೆಯವರಿಗೆ 91 ದೊಡ್ಡದಾಗಿ ಕಾಣಬಹುದು. ಪಿಯುಸಿ ಫಲಿತಾಂಶದಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಮೊದಲೆರಡು ಸ್ಥಾನ ಹಂಚಿಕೊಳ್ಳುವುದು ಇಲ್ಲಿ ಸುದ್ದಿಯೇ ಅಲ್ಲ, 91 ಅಂದರೆ ನೆಂಟರ ಮನೆಯಲ್ಲಿ "ಪರ್ವಾಗಿಲ್ಲ" ಅಂತಾರೆ. ಜೆಇಇ ಬರೆದಿದ್ದಳು, ಸುರತ್ಕಲ್ ಎನ್‌ಐಟಿಕೆ ಎಟುಕುವ ಮಾತಿರಲಿಲ್ಲ. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬರೆದಿರಲಿಲ್ಲ. ಸಣ್ಣವನು ಒಂಬತ್ತನೇ ಕ್ಲಾಸ್. ಅವನನ್ನು ಇಲ್ಲಿ ಸುಮ್ನೆ ಹೇಳುತ್ತಿಲ್ಲ. ನಾಲ್ಕು ವರ್ಷ ಬಿಟ್ಟು ಅವನದ್ದೂ ಇದೇ ಪ್ರಶ್ನೆ ಬರುತ್ತದೆ.

ಕೈಯಲ್ಲಿದ್ದ ದಾರಿಗಳು

ಮೊದಲನೆಯದು, ಎಲ್ಲರಿಗೂ ಮನಸ್ಸಿದ್ದದ್ದು: ಹೆಸರುವಾಸಿ ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸ್ ಸೀಟು. ವರ್ಷಕ್ಕೆ 3.5 ಲಕ್ಷ. ದುಬೈಯಲ್ಲಿರುವ ಮಾವ ಫೋನಿನಲ್ಲಿ "ಬ್ರಾಂಚ್ ಮುಖ್ಯ, ಕಂಪ್ಯೂಟರ್ ಸೈನ್ಸೇ ಆಗ್ಬೇಕು, ವರ್ಷಕ್ಕೆ ಸ್ವಲ್ಪ ನಾನು ಕೊಡ್ತೇನೆ" ಅಂದಿದ್ದರಂತೆ. ಮಾವ ಒಳ್ಳೆಯವರೇ. ಆದರೆ ಆ "ಸ್ವಲ್ಪ" ಬ್ಯಾಂಕಿನ ಅರ್ಜಿಯ ಯಾವ ಕಾಲಮ್ಮಿಗೂ ಬರುವುದಿಲ್ಲ, ನನ್ನ ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ.

ಎರಡನೆಯದು: ಸಿಇಟಿಯಲ್ಲಿ ಸಿಗುವ ಸೀಟು. ಕಂಪ್ಯೂಟರ್ ಸೈನ್ಸ್ ಸಿಗದಿದ್ದರೂ ಇನ್ಫರ್ಮೇಷನ್ ಸೈನ್ಸ್ ಅಥವಾ ಎಐ-ಎಂಎಲ್ (ಕೃತಕ ಬುದ್ಧಿಮತ್ತೆಯ ಬ್ರಾಂಚ್), ಮನೆಯಿಂದ ಹೋಗಿ ಬರುವ ದೂರದ ಕಾಲೇಜಿನಲ್ಲಿ. ಇತರೆ ಶುಲ್ಕ ಎಲ್ಲ ಸೇರಿ ವರ್ಷಕ್ಕೆ 1.1 ಲಕ್ಷ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಎತ್ತಿದೆ: ಬಿಸಿಎ. ಕಂಪ್ಯೂಟರ್ ವಿಷಯದ ಸಾಮಾನ್ಯ ಪದವಿ, ಮೂರು ವರ್ಷ, ವರ್ಷಕ್ಕೆ 50 ಸಾವಿರದ ಒಳಗೆ. ಅಮ್ಮನ ಮುಖ ಸಣ್ಣದಾಯಿತು. "ಅಷ್ಟು ಖರ್ಚು ಮಾಡಿ ಸೈನ್ಸ್ ಓದಿಸಿದ್ದು ಬಿಸಿಎಗಾ?" ಪಿಯುಸಿಗೆ ಹೋದ ದುಡ್ಡು ಹೋಯಿತು. ಯಾವ ದಾರಿ ಹಿಡಿದರೂ ಅದು ವಾಪಸ್ ಬರುವುದಿಲ್ಲ. ಈಗಿನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ ಅಂತ ಹೇಳಿದ್ದು ಅವರಿಗೆ ಹಿಡಿಸಲಿಲ್ಲ, ಆದರೆ ಅದು ಹಾಗೆಯೇ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ನಮ್ಮ ರಾಜ್ಯದ ಖಾಸಗಿ ಅನುದಾನರಹಿತ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಮೂಲಕ ಸಿಇಟಿಯವರಿಗೆ, 30 ಕಾಮೆಡ್‌ಕೆಗೆ, 25 ಮ್ಯಾನೇಜ್‌ಮೆಂಟಿಗೆ. ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಈ ಪಾಲು ಸ್ವಲ್ಪ ಬೇರೆ. ಅಂದರೆ ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ದರ ಕೊಟ್ಟಿರುತ್ತಾರೆ. ಪಾಠ ಒಂದೇ, ಲ್ಯಾಬ್ ಒಂದೇ, ಕೊನೆಗೆ ಸಿಗುವ ಸರ್ಟಿಫಿಕೇಟೂ ಒಂದೇ. ಇಂಟರ್‌ವ್ಯೂ ಮಾಡುವವ ಯಾವ ಕೋಟಾದಲ್ಲಿ ಬಂದೆ ಅಂತ ಕೇಳುವುದಿಲ್ಲ. ಹಾಗಾಗಿ "ಕಂಪ್ಯೂಟರ್ ಇಂಜಿನಿಯರಿಂಗ್ ಲಾಭವಾ ನಷ್ಟವಾ" ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ದರಕ್ಕೆ ಅಂತ ಮೊದಲು ಕೇಳಬೇಕು.

ಪೇ ಸ್ಲಿಪ್

ಬಂದವರ ಕೈಯಲ್ಲಿ ದೊಡ್ಡ ಕಾಲೇಜಿನ ಬಣ್ಣದ ಪುಸ್ತಕ ಇತ್ತು. ಹೈಯೆಸ್ಟ್ ಪ್ಯಾಕೇಜ್ ಇಷ್ಟು, ಆವರೇಜ್ 9 ಲಕ್ಷ, ಕಂಪನಿಗಳ ಲೋಗೋ, ನಗುವ ಮಕ್ಕಳ ಫೋಟೋ. ಅದನ್ನು ಬದಿಗಿಟ್ಟು, ಅವರದೇ ನೆಂಟರ ಹುಡುಗನೊಬ್ಬನ ಪೇ ಸ್ಲಿಪ್ ತರಿಸಿಕೊಳ್ಳಲು ಹೇಳಿದೆ. ಅವನು ಇಲ್ಲಿಯ ಕಾಲೇಜಲ್ಲೇ ಓದಿ, 2023ರಲ್ಲಿ ಬೆಂಗಳೂರಿನ ದೊಡ್ಡ ಐಟಿ ಸೇವಾ ಕಂಪನಿಗೆ ಸೇರಿದವನು. ಪ್ಯಾಕೇಜ್ 3.6 ಲಕ್ಷ. ಮೊದಲ ವರ್ಷದ ಸ್ಲಿಪ್ಪನ್ನು ವಾಟ್ಸಾಪಿನಲ್ಲಿ ಕಳಿಸಿದ.

3.6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 30 ಸಾವಿರ. ಮನೆಯವರು ಅಷ್ಟು ಕೈಗೆ ಬರ್ತದೆ ಅಂದುಕೊಂಡಿದ್ದರು. ಆ 30ರೊಳಗೆ ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿ ಅಂತ 720, ವಿಮೆಗೆ 480, ವೇರಿಯೆಬಲ್ ಪೇ 1,500. ಈ 4,500 ತಿಂಗಳ ಸಂಬಳದಲ್ಲಿ ಕಾಣುವುದೇ ಇಲ್ಲ. ಗ್ರಾಚ್ಯುಟಿ ಸಿಗಬೇಕಾದರೆ ವರ್ಷಗಟ್ಟಲೆ ಅಲ್ಲೇ ಇರಬೇಕು. ವೇರಿಯೆಬಲ್ ಪೂರ್ತಿ ಬರುವುದು ಕಂಪನಿಗೆ ಒಳ್ಳೆ ಕಾಲ ಇದ್ದಾಗ. ಉಳಿದದ್ದು 25,500. ಅದರಿಂದ ಅವನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಖಾತೆಗೆ ಬಿದ್ದದ್ದು 23,500 ರೂಪಾಯಿ.

ಪಿಜಿ ವಸತಿಗೆ ಊಟ ಸೇರಿ 9,500. ಬಸ್ಸು, ಮೆಟ್ರೋ, ಫೋನು, ಊರಿಗೆ ಬಂದು ಹೋಗುವ ಖರ್ಚು ಸೇರಿ ಮತ್ತೊಂದು ಐದಾರು ಸಾವಿರ. ಕೈ ಬಿಗಿ ಹಿಡಿದರೆ 8 ಸಾವಿರ ಉಳಿಯುತ್ತಿತ್ತು ಅಂತ ಅವನೇ ಹೇಳಿದ. ಆಫರ್ ಲೆಟರ್ ಬಂದು ಕೆಲಸಕ್ಕೆ ಕರೆಯುವ ತನಕ ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದ, ಅದು ಬೇರೆ.

ಇವನು ನತದೃಷ್ಟ ಅಂದುಕೊಳ್ಳಬೇಡಿ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಆರಂಭದ ಪ್ಯಾಕೇಜ್ ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ 3ರಿಂದ 4 ಲಕ್ಷದ ನಡುವೆಯೇ ನಿಂತಿದೆ. ಅಷ್ಟರಲ್ಲಿ ಫೀಸು, ಬಾಡಿಗೆ, ಮೀನಿನ ರೇಟು ಎಲ್ಲ ಎಲ್ಲಿಗೆ ಮುಟ್ಟಿದೆ ಅಂತ ನಿಮಗೇ ಗೊತ್ತು. ಅದೇ ಕಂಪನಿಗಳು ಕೋಡಿಂಗ್ ಪರೀಕ್ಷೆಯಲ್ಲಿ ಮೇಲೆ ಬಂದವರಿಗೆ 6-7 ಲಕ್ಷದ ಬೇರೆ ಹುದ್ದೆ ಕೊಡುತ್ತವೆ, ಅದೂ ನಿಜ. ಮಧ್ಯದ ವಿದ್ಯಾರ್ಥಿಗೆ ಸಿಗುವುದು ಮೊದಲಿನದ್ದು.

ಮೊದಲ ದಾರಿಯ ಲೆಕ್ಕ

ದೊಡ್ಡ ಕಾಲೇಜಿನ ನಾಲ್ಕು ವರ್ಷದ ಫೀಸು 14 ಲಕ್ಷ. ಹಾಸ್ಟೆಲ್, ಮೆಸ್ಸು ವರ್ಷಕ್ಕೆ 1.2 ಲಕ್ಷದಂತೆ 4.8 ಲಕ್ಷ. ಲ್ಯಾಪ್‌ಟಾಪ್ 60 ಸಾವಿರ. ಪುಸ್ತಕ, ಪರೀಕ್ಷಾ ಶುಲ್ಕ, ಪ್ರಾಜೆಕ್ಟು ಅಂತ ವರ್ಷಕ್ಕೆ 25 ಸಾವಿರ, ಅದು 1 ಲಕ್ಷ. ಒಟ್ಟು 20.4 ಲಕ್ಷ. "ಸೀಟು 14 ಲಕ್ಷ" ಅಂತ ಎಲ್ಲರೂ ಹೇಳುತ್ತಿದ್ದ ಸೀಟು ಇದೇ.

ಪಿಗ್ಮಿ ದುಡ್ಡು, ಸ್ವಲ್ಪ ಚಿನ್ನ ಎಲ್ಲ ಹಾಕಿದರೆ 4.4 ಲಕ್ಷ ಹೊಂದಿಸಬಹುದಿತ್ತು. ಉಳಿದ 16 ಲಕ್ಷ ಸಾಲ. ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನ ಬೇಡ, ಮಾರ್ಜಿನ್ (ನಮ್ಮ ಕೈಯಿಂದ ಹಾಕುವ ಪಾಲು) ಬೇಡ, ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾದರೆ ಸಾಕು. 7.5 ಲಕ್ಷದವರೆಗೂ ಕೇಂದ್ರದ ಸಾಲ ಖಾತರಿ ನಿಧಿಯ ರಕ್ಷಣೆ ಇರುವುದರಿಂದ ಆಸ್ತಿ ಕೇಳುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಸಾಮಾನ್ಯವಾಗಿ ಆಸ್ತಿ ಇಡಬೇಕು. ಕಟಪಾಡಿಯ 12 ಸೆಂಟ್ಸ್ ಚರ್ಚೆಗೆ ಬಂದದ್ದು ಹೀಗೆ. ಸರ್ಕಾರದ ಬಡ್ಡಿ ಸಹಾಯ ಯೋಜನೆಗಳು ನೋಡುವುದೂ ಮೆರಿಟ್ ಸೀಟನ್ನೇ, ಮ್ಯಾನೇಜ್‌ಮೆಂಟ್ ಸೀಟಿನವರು ಆ ಕಡೆ ಆಸೆ ಇಟ್ಟುಕೊಳ್ಳಬಾರದು.

ಲೆಕ್ಕಕ್ಕೆ ಸುಲಭವಾಗಲಿ ಅಂತ ಬಡ್ಡಿ 10 ಪರ್ಸೆಂಟ್ ಹಿಡಿದೆ. ಬ್ಯಾಂಕು ವರ್ಷಕ್ಕೆ 4 ಲಕ್ಷದಂತೆ ಕಂತಿನಲ್ಲಿ ಕೊಡುತ್ತದೆ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯಲ್ಲೇ ಮೊದಲ 4 ಲಕ್ಷಕ್ಕೆ ಐದು ವರ್ಷದ 2 ಲಕ್ಷ, ಎರಡನೆಯದಕ್ಕೆ 1.6, ಮೂರನೆಯದಕ್ಕೆ 1.2, ನಾಲ್ಕನೆಯದಕ್ಕೆ 80 ಸಾವಿರ. ಒಟ್ಟು 5.6 ಲಕ್ಷ. ಮರುಪಾವತಿ ಶುರುವಾಗುವ ದಿನ ಸಾಲ 21.6 ಲಕ್ಷ. ಹದಿನೈದು ವರ್ಷಕ್ಕೆ ಹಾಕಿದರೆ ತಿಂಗಳ ಕಂತು 23,211.

ನೆಂಟರ ಹುಡುಗನ ಖಾತೆಗೆ ಬಿದ್ದದ್ದು 23,500. ಕಂತು ಕಟ್ಟಿದ ಮೇಲೆ ಉಳಿಯುವುದು 289 ರೂಪಾಯಿ. ಅಪ್ಪ ಇದನ್ನು ಕ್ಯಾಲ್ಕುಲೇಟರಿನಲ್ಲಿ ಮತ್ತೊಮ್ಮೆ ಒತ್ತಿ ನೋಡಿದರು. ಹದಿನೈದು ವರ್ಷದಲ್ಲಿ ಬ್ಯಾಂಕಿಗೆ ಹೋಗುವುದು ಹತ್ತಿರ ಹತ್ತಿರ 41.8 ಲಕ್ಷ. ಕಂತು ಮುಗಿಯುವಾಗ ಹುಡುಗಿಗೆ 38 ವರ್ಷ.

"ಅಲ್ಲ ಮಾರಾಯ್ರೆ, ಆ ಕಾಲೇಜಲ್ಲಿ 3.6 ಯಾರಿಗೆ ಬೇಕು? ಅಲ್ಲಿ ಆವರೇಜೇ 9 ಲಕ್ಷ ಅಲ್ವಾ?" ಅಂತ ಅವರು ಕೇಳಿದ್ದು ನ್ಯಾಯವೇ. ಅದಕ್ಕೆ ಬಣ್ಣದ ಪುಸ್ತಕ ಬಿಟ್ಟು ಬೇರೆ ಕಾಗದ ನೋಡಬೇಕು. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಹೋಗುವ ಪ್ರತಿ ಕಾಲೇಜೂ ಕೇಂದ್ರಕ್ಕೆ ಒಂದು ವಿವರ ಸಲ್ಲಿಸುತ್ತದೆ. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಸರಿಯಾದ ಅವಧಿಗೆ ಪಾಸಾದರು, ಎಷ್ಟು ಮಂದಿಗೆ ಕೆಲಸ ಆಯಿತು, ಕೆಲಸ ಆದವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿ ಮಧ್ಯ ಬರುವವನ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು. ಆ ಪಟ್ಟಿಯನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲೂ ಹಾಕಿರುತ್ತದೆ, ಹುಡುಕಬೇಕು ಅಷ್ಟೇ. ಹುಡುಗಿಯೇ ಫೋನಿನಲ್ಲಿ ಹುಡುಕಿ ತೆಗೆದಳು. ಮಧ್ಯದ ಸಂಬಳ 4.5 ಲಕ್ಷ.

ಪುಸ್ತಕದ 9, ಪಟ್ಟಿಯ 4.5. ಎರಡೂ ಸುಳ್ಳಲ್ಲ. ಐವತ್ತು ಲಕ್ಷದ ಒಂದು ಆಫರ್ ಬಂದರೆ ಸರಾಸರಿ ಮೇಲೇಳುತ್ತದೆ, ಮಧ್ಯದವನು ಇದ್ದಲ್ಲೇ ಇರುತ್ತಾನೆ. ಪುಸ್ತಕದ ಸರಾಸರಿ ಕಂಪ್ಯೂಟರ್ ಬ್ರಾಂಚಿನದ್ದು ಮಾತ್ರ ಇರಬಹುದು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರನ್ನು, 60 ಪರ್ಸೆಂಟ್‌ಗಿಂತ ಕೆಳಗಿನವರನ್ನು ಪ್ಲೇಸ್‌ಮೆಂಟಿಗೇ ಕೂರಿಸುವುದಿಲ್ಲ, ಹಾಗಾಗಿ ಅವರು "ಅರ್ಹರಲ್ಲಿ 95 ಪರ್ಸೆಂಟ್" ಅನ್ನುವ ಲೆಕ್ಕದಲ್ಲೂ ಇಲ್ಲ. ಒಬ್ಬನಿಗೆ ಎರಡು ಆಫರ್ ಬಂದರೆ ಎರಡು ಅಂತಲೇ ಎಣಿಸುವವರೂ ಇದ್ದಾರೆ.

ಮಧ್ಯದ 4.5 ಲಕ್ಷ ಸಿಕ್ಕಿತು ಅಂತಿಟ್ಟುಕೊಳ್ಳಿ. ಕೈಗೆ 30 ಸಾವಿರದ ಹತ್ತಿರ ಬರುತ್ತದೆ. ಕಂತು ಕಟ್ಟಿ 7 ಸಾವಿರ ಉಳಿಯಿತು, ಅದರಲ್ಲಿ ಪಿಜಿ ಬಾಡಿಗೆಯೂ ಆಗುವುದಿಲ್ಲ. ಆಗ ಕಂತು ಕಟ್ಟುವುದು ಅಪ್ಪ. ಈ ಭಾಗವನ್ನು ಯಾವ ಸಂಬಂಧಿಕರೂ ಫೋನಿನಲ್ಲಿ ಹೇಳುವುದಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ದೊಡ್ಡ ಕಾಲೇಜಿಗೆ ಬರುವ ಕೆಲವು ಕಂಪನಿಗಳು ಸಣ್ಣ ಕಾಲೇಜಿಗೆ ಬರುವುದೇ ಇಲ್ಲ. ಜತೆಯಲ್ಲಿ ಓದುವವರ ಮಟ್ಟ, ಹಳೆ ವಿದ್ಯಾರ್ಥಿಗಳ ಪರಿಚಯ, ಇದಕ್ಕೆಲ್ಲ ಬೆಲೆ ಉಂಟು. ತರಗತಿಯ ಮೇಲಿನ ಹತ್ತರಲ್ಲಿ ಒಬ್ಬಳಾಗಿ 12 ಲಕ್ಷದ ಕೆಲಸ ಹಿಡಿದರೆ ಆ ಇಡೀ ಸಾಲ ನಾಲ್ಕೈದು ವರ್ಷದಲ್ಲಿ ತೀರುತ್ತದೆ. ಸ್ವಂತ ದುಡ್ಡಿದ್ದವರು ಆ ಆಟ ಆಡಬಹುದು. ಇರುವ ಒಂದು ಮನೆ ಇಟ್ಟು ಆಡುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು

ಸಿಇಟಿ ಸೀಟಿನ ಲೆಕ್ಕ ಬೇಗ ಮುಗಿಯಿತು. ಫೀಸು 4.4 ಲಕ್ಷ, ಕಾಲೇಜು ಬಸ್ಸಿಗೆ 1 ಲಕ್ಷ, ಪುಸ್ತಕ-ಪರೀಕ್ಷೆಗೆ 80 ಸಾವಿರ, ಲ್ಯಾಪ್‌ಟಾಪ್ 60 ಸಾವಿರ. ಒಟ್ಟು 6.8 ಲಕ್ಷ. ಊಟ, ಮಲಗುವುದು ಮನೆಯಲ್ಲೇ.

ಇದರಲ್ಲಿ 4 ಲಕ್ಷ ಸಾಲ, ವರ್ಷಕ್ಕೆ 1 ಲಕ್ಷ. ಅಡಮಾನ ಇಲ್ಲ. ಪೂರ್ತಿ ಸಾಲ ಬಿಟ್ಟುಬಿಟ್ಟರೆ ಐದು ವರ್ಷದಲ್ಲಿ ಬಡ್ಡಿ 1.4 ಲಕ್ಷ ಸೇರಿ 5.4 ಲಕ್ಷ ಆಗುತ್ತದೆ, ಏಳು ವರ್ಷಕ್ಕೆ ಕಂತು 8,965. ಪಿಗ್ಮಿಯನ್ನು ನಾನು ತಂದದ್ದು ಇಲ್ಲಿಗೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದರೆ? ಮೊದಲ ವರ್ಷ ತಿಂಗಳಿಗೆ 833 ರೂಪಾಯಿ. ದಿನಕ್ಕೆ 28. ಎರಡನೇ ವರ್ಷ 1,667, ಮೂರನೇ ವರ್ಷ 2,500, ನಾಲ್ಕನೇ ವರ್ಷದಿಂದ 3,333. ದಿನಕ್ಕೆ 200 ಪಿಗ್ಮಿ ಕಟ್ಟಿ ಅಭ್ಯಾಸ ಇರುವ ಮನುಷ್ಯನಿಗೆ ಕೊನೆಯ ವರ್ಷದ 110 ಕೂಡ ಭಾರ ಅಲ್ಲ. ಹಾಗೆ ಬಡ್ಡಿ ಕಟ್ಟುವವರಿಗೆ ಬಹಳಷ್ಟು ಬ್ಯಾಂಕುಗಳು ದರದಲ್ಲಿ 1 ಪರ್ಸೆಂಟ್ ಬಿಡುತ್ತವೆ, ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಬೇರೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಮಗಳು ಕೆಲಸಕ್ಕೆ ಸೇರುವಾಗ ಸಾಲ 4 ಲಕ್ಷವೇ ಇರುತ್ತದೆ, ಏಳು ವರ್ಷಕ್ಕೆ ಕಂತು 6,640. 23,500 ಸಂಬಳದಲ್ಲೂ ಎಳೆದುಕೊಂಡು ಹೋಗಬಹುದು. ಉಡುಪಿ, ಮಂಗಳೂರಲ್ಲೇ ಕೆಲಸ ಸಿಕ್ಕಿದರಂತೂ ಪಿಜಿ ಖರ್ಚೂ ಇಲ್ಲ. ಉಡುಪಿಯಲ್ಲಿ ರೋಬೋಸಾಫ್ಟ್ 1996ರಿಂದ ಉಂಟು, ಮುಡಿಪುವಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ ಉಂಟು. ಆದರೆ ಇಲ್ಲಿ ಪಾಸಾಗುವ ಮಕ್ಕಳಿಗೆಲ್ಲ ಸಾಕಾಗುವಷ್ಟು ಹುದ್ದೆ ಇಲ್ಲಿಲ್ಲ, ಹೆಚ್ಚಿನವರು ರಾತ್ರಿ ಬಸ್ಸು ಹತ್ತುವವರೇ.

ಎರಡು ದಾರಿಯ ಕಂತು ಪಕ್ಕಪಕ್ಕ ಇಟ್ಟಾಗ ಮಾತು ಸ್ಪಷ್ಟವಾಯಿತು. ವ್ಯತ್ಯಾಸ ತಿಂಗಳಿಗೆ 16,500 ಮೇಲೆ. ಅಂದರೆ ದೊಡ್ಡ ಕಾಲೇಜು ಮೊದಲ ತಿಂಗಳಿಂದಲೇ ಅಷ್ಟು ಜಾಸ್ತಿ ಸಂಬಳ ಕೊಡಿಸಬೇಕು, ಆಗ ಸಮ. ಮಧ್ಯದ ವಿದ್ಯಾರ್ಥಿಯಲ್ಲಿ ಅದು ಕೊಡಿಸುತ್ತಿದ್ದದ್ದು ಆರೂವರೆ ಸಾವಿರ.

ಬ್ರಾಂಚಿನ ಹೆಸರಿನ ಬಗ್ಗೆ ಮಾವನ ಚಿಂತೆ ಇತ್ತಲ್ಲ, ಅದಕ್ಕೂ ಎರಡು ಮಾತು. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಈ ಮುಖ್ಯ ವಿಷಯಗಳು ಕಂಪ್ಯೂಟರ್ ಸೈನ್ಸಿನಲ್ಲೂ ಇನ್ಫರ್ಮೇಷನ್ ಸೈನ್ಸಿನಲ್ಲೂ ಇವೆ. ಸಾವಿರಗಟ್ಟಲೆ ಜನ ತೆಗೆದುಕೊಳ್ಳುವ ಕಂಪನಿಗಳ ಪರೀಕ್ಷೆಗೆ ಬೇರೆ ಬ್ರಾಂಚಿನವರೂ ಕೂರುತ್ತಾರೆ. ಸರ್ಟಿಫಿಕೇಟಿನಲ್ಲಿ ಒಂದು ಪದ ಬದಲಾಗುವುದಕ್ಕೆ 13.6 ಲಕ್ಷ ಜಾಸ್ತಿ ಕೊಡುವುದು ನನಗೆ ಅರ್ಥವಾಗದ ವಿಷಯ.

ಬಿಸಿಎ ಜತೆ ಹೋಲಿಸಿದಾಗ

ಇಲ್ಲಿಯವರೆಗೆ ಎಲ್ಲರಿಗೂ ಖುಷಿ. ಕಷ್ಟದ ಹೋಲಿಕೆ ಇದು. ಡಿಗ್ರಿಯ ಲಾಭ ನೋಡುವಾಗ ಏನೂ ಓದದೆ ಕೂತವರ ಜತೆ ಹೋಲಿಸಿದರೆ ಯಾವ ಡಿಗ್ರಿಯೂ ಚಿನ್ನವೇ. ಅದಿಲ್ಲದಿದ್ದರೆ ಮಾಡುವ ಮುಂದಿನ ಒಳ್ಳೆ ಕೆಲಸ ಯಾವುದೋ ಅದರ ಜತೆ ಹೋಲಿಸಬೇಕು.

ಬಿಸಿಎಗೆ ಫೀಸು 1.5 ಲಕ್ಷ, ಲ್ಯಾಪ್‌ಟಾಪ್ 60 ಸಾವಿರ, ಓಡಾಟ-ಪುಸ್ತಕಕ್ಕೆ 60 ಸಾವಿರ, ಒಟ್ಟು 2.7 ಲಕ್ಷ. ಸಾಲವೇ ಬೇಡ. ಮೂರು ವರ್ಷದಲ್ಲಿ ಮುಗಿಯುವುದರಿಂದ ಒಂದು ವರ್ಷ ಮೊದಲೇ ದುಡಿಯಬಹುದು. ತಿಂಗಳಿಗೆ 20 ಸಾವಿರ ಹಿಡಿದರೂ 2.4 ಲಕ್ಷ. ಇಂಜಿನಿಯರಿಂಗ್ ಆರಿಸಿದರೆ 4.1 ಲಕ್ಷ ಜಾಸ್ತಿ ಖರ್ಚು, ಈ 2.4 ಲಕ್ಷ ಕಳೆದುಕೊಂಡದ್ದು, ಸೇರಿ 6.5 ಲಕ್ಷ. ಬಡ್ಡಿ ಬೇರೆ. ಇಂಜಿನಿಯರಿಗೆ ಬಿಸಿಎಯವರಿಗಿಂತ ತಿಂಗಳಿಗೆ 8 ಸಾವಿರ ಜಾಸ್ತಿ ಸಿಕ್ಕಿದರೆ ಆ 6.5 ಲಕ್ಷ ಹುಟ್ಟಲು ಹತ್ತಿರ ಏಳು ವರ್ಷ. 5 ಸಾವಿರ ಮಾತ್ರ ಜಾಸ್ತಿ ಆದರೆ ಹನ್ನೊಂದು ವರ್ಷ.

ಈ ಉತ್ತರ ಅಪ್ಪನಿಗೆ ಇಷ್ಟವಾಗಲಿಲ್ಲ. ನನಗೂ ಇದರಲ್ಲಿ ಗೆದ್ದವರು ಯಾರು ಅಂತ ಹೇಳಲು ಆಗುವುದಿಲ್ಲ. ಕೆಲವು ದೊಡ್ಡ ಕಂಪನಿಗಳು ಬಿಸಿಎ, ಬಿಎಸ್ಸಿ ಮಕ್ಕಳನ್ನು ಕಡಿಮೆ ಸ್ಟೈಪೆಂಡಿಗೆ ತೆಗೆದುಕೊಂಡು ಕೆಲಸದ ಜತೆಗೇ ಎಂಟೆಕ್ ಓದಿಸುತ್ತವೆ. ಎಂಸಿಎ ಈಗ ಎರಡೇ ವರ್ಷ. ಆದರೆ ಬಿಇ ಅಥವಾ ಬಿಟೆಕ್ ಮಾತ್ರ ಕೇಳುವ ಹುದ್ದೆಗಳೂ ಸಾಕಷ್ಟಿವೆ. ಹೊರದೇಶದ ಬಹಳಷ್ಟು ಮಾಸ್ಟರ್ಸ್ ಕೋರ್ಸುಗಳು ನಾಲ್ಕು ವರ್ಷದ ಪದವಿ ನೋಡುತ್ತವೆ, ನಮ್ಮ ರಾಜ್ಯದಲ್ಲಿ 2024-25ರಿಂದ ಸಾಮಾನ್ಯ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಹುಡುಗಿಗೆ ಮುಂದೆ ಓದುವ ಆಸೆ ಇತ್ತು. ಅಪ್ಪನ ಬಿಲ್ಲುಗಳಿಗೆ ಅವಳೇ ಫೋನಿನಲ್ಲಿ ಒಂದು ಶೀಟ್ ಮಾಡಿಕೊಟ್ಟಿದ್ದಳು. ಯಾರ ಹತ್ತಿರ ಎಷ್ಟು ಬಾಕಿ ಅಂತ ಕೆಂಪು ಬಣ್ಣದಲ್ಲಿ ತೋರಿಸುವಂಥದ್ದು, ಫಾರ್ಮುಲಾ ಎಲ್ಲ ತಾನೇ ಕಲಿತದ್ದು. ಇಂಜಿನಿಯರಿಂಗ್ ಕಡೆ ನಾನು ವಾಲಿದ್ದು ಆ ಶೀಟ್ ನೋಡಿ. ಸುಮ್ನೆ ಎಲ್ಲರೂ ಹೋಗ್ತಾರೆ ಅಂತ ಹೋಗುವ ಮಗುವಾಗಿದ್ದರೆ ಬಿಸಿಎ ಅಂತಲೇ ಹೇಳುತ್ತಿದ್ದೆ.

ಅವಳು ಕೇಳಿದ್ದು ಬೇರೆಯೇ. "ಎಐ ಬಂದ ಮೇಲೆ ಈ ಕೆಲಸ ಎಲ್ಲ ಇರ್ತದಾ ಅಂಕಲ್?" 2023-24ರಲ್ಲಿ ಟಿಸಿಎಸ್‌ನ ನೌಕರರ ಸಂಖ್ಯೆ 13 ಸಾವಿರಕ್ಕೂ ಹೆಚ್ಚು, ಇನ್ಫೋಸಿಸ್‌ನದ್ದು ಸುಮಾರು 26 ಸಾವಿರ ಇಳಿದಿತ್ತು. ಅದೇ ಹೊತ್ತಿಗೆ, 2024-25ರಿಂದ, ಒಂದು ಕಾಲೇಜು ಎಷ್ಟು ಸೀಟು ಇಟ್ಟುಕೊಳ್ಳಬಹುದು ಅನ್ನುವ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಸಡಿಲಿಸಿತು. ಕಾಲೇಜುಗಳು ಹೆಚ್ಚಿಸಿಕೊಂಡದ್ದು ಕಂಪ್ಯೂಟರ್ ಸೀಟನ್ನೇ. ಒಂದು ಕಡೆ ಬಾಗಿಲು ಸಣ್ಣದು, ಇನ್ನೊಂದು ಕಡೆ ಸಾಲು ಉದ್ದ. ಇವಳ ಬ್ಯಾಚ್ ಹೊರಬರುವ 2029ರಲ್ಲಿ ಹೇಗಿರುತ್ತದೋ ಯಾರೂ ಹೇಳಲಾರರು. ಹೇಳಲಾಗದ ಕಾರಣಕ್ಕೇ ಸಾಲ ಸಣ್ಣದಿರಬೇಕು. 4 ಲಕ್ಷದ ಸಾಲಗಾರ್ತಿ ಕೆಲಸ ಸಿಗಲು ಒಂದು ವರ್ಷ ತಡವಾದರೂ ತಡೆದುಕೊಳ್ಳುತ್ತಾಳೆ.

ಆದದ್ದು

ಸಿಇಟಿ ಸೀಟು ಹಂಚಿಕೆ ಇನ್ನೂ ಆಗಿರಲಿಲ್ಲ. ದೊಡ್ಡ ಕಾಲೇಜಿನ ಕಡೆಯ ಏಜೆಂಟನೊಬ್ಬ "ಇವತ್ತು ಐವತ್ತು ಸಾವಿರ ಕೊಟ್ಟರೆ ಸೀಟು ಹಿಡಿದಿಡ್ತೇನೆ, ನಾಳೆ ಗ್ಯಾರಂಟಿ ಇಲ್ಲ" ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ರಶೀದಿ ಕೇಳಿದರೆ ಅಡ್ಮಿಷನ್ ಆದ ಮೇಲೆ ಅಂದ. ಕೋರ್ಸು ಶುರುವಾಗುವ ಮೊದಲು ಸೀಟು ಬಿಟ್ಟರೆ 1,000 ರೂಪಾಯಿಗಿಂತ ಜಾಸ್ತಿ ಹಿಡಿಯಬಾರದು ಅಂತ ಎಐಸಿಟಿಇ ನಿಯಮ ಉಂಟು, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳಲೂ ಬಾರದು. ನಿಗದಿತ ಫೀಸಿನ ಮೇಲೆ ವಸೂಲಿ ಮಾಡುವ ಕ್ಯಾಪಿಟೇಷನ್ ಶುಲ್ಕದ ವಿರುದ್ಧ ಕರ್ನಾಟಕದಲ್ಲಿ 1984ರಿಂದ ಕಾಯ್ದೆಯೇ ಇದೆ. ರಶೀದಿ ಇಲ್ಲದೆ ಕೊಟ್ಟ ದುಡ್ಡಿಗೆ ಮಾತ್ರ ಇದು ಯಾವುದೂ ಸಹಾಯಕ್ಕೆ ಬರುವುದಿಲ್ಲ. ಕೊಡಬೇಡಿ ಅಂದೆ, ಕೊಡಲಿಲ್ಲ.

ಒಂದರಿಂದ ಹತ್ತನೆಯವರೆಗೆ ಊರಿನ ಶಾಲೆಯಲ್ಲೇ ಓದಿದ್ದರಿಂದ ಗ್ರಾಮೀಣ ಮೀಸಲಾತಿ ಅರ್ಜಿಯಲ್ಲಿ ಮೊದಲೇ ಹಾಕಿದ್ದಳು. ಆ 15 ಪರ್ಸೆಂಟನ್ನು ಮರೆತು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ವರ್ಷಕ್ಕೆ 8 ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕ ಮನ್ನಾ ಇರುವ ಎಸ್‌ಎನ್‌ಕ್ಯೂ ಸೀಟಿಗೂ ಆಯ್ಕೆ ತುಂಬಿದಳು, ಅದು ಈ ರ‍್ಯಾಂಕಿಗೆ ಬರಲಿಲ್ಲ. ಮೊದಲ ಸುತ್ತಿನಲ್ಲಿ ದೂರದ ಹೊಸ ಕಾಲೇಜೊಂದರಲ್ಲಿ ಎಐ-ಎಂಎಲ್ ಸಿಕ್ಕಿತು. ಅದನ್ನು ಕೈಬಿಡದೆ ಮುಂದಿನ ಸುತ್ತಿಗೂ ಕಾಯುವ ಚಾಯ್ಸ್ 2 ಒತ್ತಿದರು. ಎರಡನೇ ಸುತ್ತಿನಲ್ಲಿ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜಲ್ಲಿ ಇನ್ಫರ್ಮೇಷನ್ ಸೈನ್ಸ್.

ಸಾಲದ ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಹಾಕಿ, 4 ಲಕ್ಷ ಮಂಜೂರಾಯಿತು. ಓದುವಾಗಿನ ಬಡ್ಡಿ ಪೂರ್ತಿ ಮನ್ನಾ ಆಗುವ ಕೇಂದ್ರದ ಯೋಜನೆ 4.5 ಲಕ್ಷ ವಾರ್ಷಿಕ ಆದಾಯದವರೆಗೆ ಮಾತ್ರ, ಇವರದ್ದು ಸ್ವಲ್ಪ ಮೇಲೆ. ಸರ್ಟಿಫಿಕೇಟಿನಲ್ಲಿ ಕಡಿಮೆ ತೋರಿಸಿದರೆ ಆಯ್ತಲ್ಲ ಅಂದ ನೆರೆಯವರೂ ಇದ್ದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಬಳ ಬಂದ ಮೇಲೆ 80ಇ ಅಡಿಯಲ್ಲಿ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗ್ತದಂತೆ ಅಂತಲೂ ಕೇಳಿದರು. ಅದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, ಮತ್ತು 3.6 ಲಕ್ಷದ ಸಂಬಳಕ್ಕೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಗೆ ವಿನಾಯಿತಿ ಎಂತಕ್ಕೆ?

ಕೊನೆಗೆ ಸಿಕ್ಕಿದ್ದು ಅಮ್ಮನ ಬೀಡಿ ಕಾರ್ಡು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ, ಇಂಜಿನಿಯರಿಂಗ್‌ನಂಥ ವೃತ್ತಿಪರ ಪದವಿಗೆ ವರ್ಷಕ್ಕೆ 25 ಸಾವಿರದವರೆಗೆ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ. ಇಷ್ಟು ವರ್ಷ ಮನೆಯಲ್ಲಿದ್ದ ಕಾರ್ಡು, ಯಾರೂ ಹೇಳಿರಲಿಲ್ಲ. ಸಿಕ್ಕಿದರೆ ನಾಲ್ಕು ವರ್ಷದ ಬಸ್ಸಿನ ಖರ್ಚು ಅದರಲ್ಲೇ ಹೋಯಿತು. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲೂ ಹಾಕಿದ್ದಾರೆ. ಒಂದೇ ವರ್ಷಕ್ಕೆ ಎರಡೂ ಸಿಗುವಂತಿಲ್ಲ ಅಂತಾದರೆ ದೊಡ್ಡದನ್ನು ಇಟ್ಟುಕೊಳ್ಳಿ ಅಂದಿದ್ದೇನೆ. ಖಾತೆಗೆ ಬೀಳುವ ತನಕ ಎರಡನ್ನೂ ಲೆಕ್ಕಕ್ಕೆ ಸೇರಿಸಿಲ್ಲ.

ಪಿಗ್ಮಿಯಿಂದ ತೆಗೆದದ್ದು ಲ್ಯಾಪ್‌ಟಾಪಿಗೆ 60 ಸಾವಿರ. ವರ್ಷಕ್ಕೆ 55 ಸಾವಿರದಂತೆ ಬಸ್ಸು, ಪುಸ್ತಕ, ಉಳಿದ ಫೀಸು ಅಪ್ಪನ ದುಡಿಮೆಯಿಂದ ಹೋಗಬೇಕು. ಬಾಕಿ 2.2 ಲಕ್ಷವನ್ನು ಸೊಸೈಟಿಯಲ್ಲೇ ಸಣ್ಣವನ ಹೆಸರಲ್ಲಿ ಠೇವಣಿ ಇಟ್ಟರು. ಮನೆಪತ್ರ ಬ್ಯಾಂಕಿಗೆ ಹೋಗಲಿಲ್ಲ. ಸಣ್ಣವನಿಗೆ ಹತ್ತನೆ ಆದ ಮೇಲೆ ಮಂಗಳೂರಿನ ಕೆಪಿಟಿಯಂಥ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಉಂಟು ಅಂತ ಹೇಳಿದ್ದೇನೆ. ಅಮ್ಮ ಅದನ್ನು ಬರೆದುಕೊಂಡರು. ಅವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಯಾವುದರಲ್ಲಿ ಮನಸ್ಸು ಉಂಟು ಅಂತ ಮನೆಯವರಿಗೂ ಇನ್ನೂ ಗೊತ್ತಿಲ್ಲ.